ಮನಿಯಾರ್ಡರ್ ಭಕ್ತಿ

ನಾನು ಪುಣೆಗೆ ಬಂದದ್ದು 1993ರ ಜೂನ್‌ನಲ್ಲಿ. ಅವ್ವ ಬದುಕಿರುವವರೆಗೆ, ಅಂದರೆ ಹದಿನೆಂಟು ವರ್ಷ, ಫೋನಿನಲ್ಲಿ ಅವಳು ತಪ್ಪದೆ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ‘ಉಂಡಿಯೇನು?’ ಅಂತ ಒಂದು. ‘ರವಿವಾರ ಚರ್ಚಿಗೆ ಹೋಗಿದ್ದೇನು?’ ಅಂತ ಇನ್ನೊಂದು. ಮೊದಲನೆಯದಕ್ಕೆ ಎಷ್ಟೋ ಸಲ ಸುಳ್ಳು ಹೇಳಿದ್ದೇನೆ. ಎರಡನೆಯದಕ್ಕೆ ಸುಳ್ಳು ಹೇಳುವ ಪ್ರಸಂಗ ಬರಲಿಲ್ಲ. ಹೋಗುತ್ತಿದ್ದೆ. ಮಳೆ ಇರಲಿ, ನೈಟ್ ಶಿಫ್ಟ್ ಮುಗಿಸಿ ಕಣ್ಣು ಉರಿಯುತ್ತಿರಲಿ, ಹೋಗುತ್ತಿದ್ದೆ. ಅಲ್ಲಿ ಹೋಗಿ ಏನು ಮಾಡುತ್ತಿದ್ದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅವಳು ಕೇಳದೇ ಬಿಟ್ಟ ಆ ಮೂರನೆಯ ಪ್ರಶ್ನೆಯೇ ಆಮೇಲೆ ನನ್ನನ್ನು ಬಹಳ ವರ್ಷ ಕಾಡಿತು.

ಮೊದಲು ನಾವು ಯಾರು ಅಂತ ಒಂದಿಷ್ಟು ಹೇಳಿಬಿಡುತ್ತೇನೆ. ಪುಣೆಯಲ್ಲಿ ನನ್ನ ಹೆಸರು ಕೇಳಿದವರು ‘ಕೇರಳಾ ಕಾ?’ ಎನ್ನುತ್ತಾರೆ. ಕರ್ನಾಟಕ ಅಂದರೆ ‘ಹಾಂ, ಮಂಗಳೂರ್!’ ಎನ್ನುತ್ತಾರೆ. ಎರಡೂ ಅಲ್ಲ. ಬೆಟಗೇರಿ. ಗದಗಕ್ಕೆ ಅಂಟಿಕೊಂಡ ಊರು, ಸೀರೆ ನೇಯುವವರ ಊರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಮುಂದಿನ ಕೆಲವೇ ವರ್ಷಗಳಲ್ಲಿ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳ ಕಡೆಗೂ ಬಂದರು. ಕಿಟೆಲ್ ಸಾಹೇಬರ 1894ರ ನಿಘಂಟು ಕರ್ನಾಟಕದ ಎಲ್ಲರಿಗೂ ಗೊತ್ತು. ಅದೇ ಮಿಷನ್ನಿನ ಪ್ರಾರ್ಥನೆ, ಹಾಡು, ಸತ್ಯವೇದದ ಓದು ನಮ್ಮ ಮನೆಯ ಕನ್ನಡ. ನಮ್ಮ ಮನೆಯಲ್ಲಿ ಎರಡು ಕನ್ನಡ ಇದ್ದವು ಎನ್ನಬೇಕು. ಒಂದು ಅಡಿಗೆಮನೆಯದು, ‘ಬಾರೋ, ಕುಂದ್ರೋ, ಉಣ್ಣೋ’ ಅನ್ನುವಂಥದ್ದು. ಇನ್ನೊಂದು ರಾತ್ರಿ ಊಟಕ್ಕೆ ಮುಂಚೆ ಅಪ್ಪ ಕಣ್ಣು ಮುಚ್ಚಿದ ಕೂಡಲೇ ಹೊರಡುವ ‘ಓ ಕರ್ತನೇ, ಪರಲೋಕದ ತಂದೆಯೇ’ ಎಂಬ ಗಂಭೀರ ಕನ್ನಡ. ಅಪ್ಪನಿಗೆ ನಾವು ‘ನೀವು’ ಅನ್ನುತ್ತಿದ್ದೆವು, ದೇವರಿಗೆ ‘ನೀನು’. ಸಣ್ಣವನಿದ್ದಾಗ ಇದು ನನಗೆ ಬಹಳ ವಿಚಿತ್ರ ಅನಿಸುತ್ತಿತ್ತು. ಕನ್ನಡಶಾಲೆ ಮಾಸ್ತರರಾದ ಅಪ್ಪನಿಗಿಂತ ದೇವರು ಹತ್ತಿರದವನೇ? ಕೇಳಿದರೆ ಅಪ್ಪ ಏನೂ ಹೇಳಲಿಲ್ಲ, ‘ಅಂಥಾ ಪ್ರಶ್ನಿ ಕೇಳಬಾರ್ದು’ ಅಂದರು.

ಪುಣೆಗೆ ಬಂದಾಗ ಈ ಎರಡನೆಯ ಕನ್ನಡ ಕೈಬಿಟ್ಟಿತು. ಮೊದಲನೆಯದು ಬಿಡಲಿಲ್ಲ. ಭೋಸರಿಯ ಕಾರ್ಖಾನೆಗಳಲ್ಲಿ ವಿಜಾಪುರದವರು, ಬಾಗಲಕೋಟೆಯವರು, ಕಲಬುರ್ಗಿಯವರು ಬೇಕಾದಷ್ಟು ಜನ ಇದ್ದರು, ಈಗಲೂ ಇದ್ದಾರೆ. ಆದರೆ ಪ್ರಾರ್ಥನೆಯ ಕನ್ನಡ ಮಾತಾಡುವವರು ಕಡಿಮೆ. ತಿಂಗಳಿಗೊಮ್ಮೆ ಪಿಂಪ್ರಿ ಕಡೆ ಯಾರದಾದರೂ ಮನೆಯಲ್ಲಿ ಏಳೆಂಟು ಕುಟುಂಬ ಸೇರುತ್ತಿದ್ದೆವು. ಉಳಿದ ರವಿವಾರಗಳಲ್ಲಿ ನಾನು ಬಾಡಿಗೆ ಖೋಲಿಗೆ ಹತ್ತಿರದ ಮರಾಠಿ ಚರ್ಚಿಗೆ ಹೋಗುತ್ತಿದ್ದೆ. ಹಾಡಿನ ಧಾಟಿ ಬೇರೆ. ಡೋಲಕಿ, ಟಾಳ ಇಟ್ಟುಕೊಂಡು ಅಭಂಗದ ಧಾಟಿಯಲ್ಲಿ ಯೇಸುವನ್ನು ಹಾಡುತ್ತಿದ್ದರು. ನಾರಾಯಣ ವಾಮನ ಟಿಳಕರ ಹಾಡುಗಳು ಎಂದು ಆಮೇಲೆ ತಿಳಿಯಿತು. 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದ ಈ ಚಿತ್ಪಾವನ ಕವಿ, ತಾನು ತುಕಾರಾಮನ ಸೇತುವೆ ದಾಟಿ ಕ್ರಿಸ್ತನ ಹತ್ತಿರ ಬಂದವನು ಎಂಬರ್ಥದ ಮಾತು ಹೇಳಿದ್ದರಂತೆ. ಚೆಂದದ ಮಾತು. ಆದರೆ ನನಗೆ ಆ ಸೇತುವೆ ಇರಲಿಲ್ಲ. ನಾನು ಬಾಸೆಲ್ ಮಿಷನ್ನಿನ ನಾಲ್ಕು ಸ್ವರದ ಜರ್ಮನ್ ರಾಗದವನು. ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ, ಕಾಣಿಕೆ ಹಾಕಿ ಬರುತ್ತಿದ್ದೆ.

ಆ ದಿನಗಳಲ್ಲಿ ಪ್ರತಿ ತಿಂಗಳ ಏಳನೇ ತಾರೀಕು ಊರಿಗೆ ಮನಿಯಾರ್ಡರ್ ಮಾಡುತ್ತಿದ್ದೆ. ಆ ಫಾರಮ್ಮಿನ ಕೆಳಗೆ ಸಂದೇಶ ಬರೆಯಲು ಒಂದು ಚಿಕ್ಕ ಜಾಗ ಇರುತ್ತಿತ್ತು. ನೋಡಿದವರಿಗೆ ನೆನಪಿರಬಹುದು. ಅದರಲ್ಲಿ ಪ್ರತಿ ತಿಂಗಳೂ ಅದೇ ಎರಡು ಸಾಲು. ನಾನು ಆರಾಮ ಇದ್ದೇನೆ, ನೀವೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಹೊಸದಾಗಿ ಏನಾದರೂ ಬರೆಯೋಣ ಅಂದರೆ ಜಾಗ ಸಾಲದು, ಜಾಗ ಇದ್ದರೂ ಬರೆಯುತ್ತಿದ್ದೆನೋ ಇಲ್ಲವೋ. ರಸೀತಿ ಕಿಸೆಯಲ್ಲಿಟ್ಟುಕೊಂಡು ಹೊರಗೆ ಬಂದಾಗ ಮನಸ್ಸು ಹಗುರ. ಈ ತಿಂಗಳದ್ದು ಮುಗಿಯಿತು. ಚರ್ಚಿನಿಂದ ಹೊರಗೆ ಬರುವಾಗಲೂ ಹೆಚ್ಚುಕಡಿಮೆ ಇದೇ ಹಗುರ ಎಂದು ಹೊಳೆಯಲು ನನಗೆ ಹತ್ತು-ಹನ್ನೆರಡು ವರ್ಷ ಬೇಕಾಯಿತು.

ಹೊಳೆದ ಮೇಲೆ ಸುಮ್ಮನಿರಲು ಆಗಲಿಲ್ಲ. 2004-05ರ ಹೊತ್ತಿಗೆ ನನಗೆ ಮದುವೆಯಾಗಿ ಒಂದು ಮಗು ಇತ್ತು, ಸಾಲದ ಮೇಲೆ ಎರಡು ಖೋಲಿಯ ಸ್ವಂತ ಫ್ಲಾಟ್ ಇತ್ತು, ಕೆಲಸ ಖಾಯಂ ಆಗಿತ್ತು. ಬೇಡಿಕೊಳ್ಳಲಿಕ್ಕೆ ವಿಶೇಷ ಏನೂ ಉಳಿದಿರಲಿಲ್ಲ. ಬೇಡಿಕೆ ಇಲ್ಲದ ಹೊತ್ತಿನಲ್ಲಿ ಪ್ರಾರ್ಥನೆಗೆ ಕುಳಿತರೆ ಎದುರಿಗೆ ಯಾರೂ ಇಲ್ಲ ಅನಿಸುತ್ತಿತ್ತು. ದೇವರಿಲ್ಲ ಅಂತಲ್ಲ. ಇದ್ದಾನೆ, ಆದರೆ ನನ್ನ-ಅವನ ನಡುವೆ ಮಾತಿಲ್ಲ, ಅಷ್ಟೇ. ಆಗ ನಮ್ಮ ಪ್ರಾರ್ಥನಾಕೂಟಗಳಲ್ಲಿ ಒಂದು ಮಾತು ಬಹಳ ಓಡಾಡುತ್ತಿತ್ತು: ‘ದೇವರೊಂದಿಗೆ ವೈಯಕ್ತಿಕ ಸಂಬಂಧ’. ಇಂಗ್ಲಿಷಿನಿಂದ ಬಂದ ಮಾತು. ನಮ್ಮ ಹಿರಿಯರು ಭಯಭಕ್ತಿ ಅನ್ನುತ್ತಿದ್ದರು, ನಂಬಿಗೆ ಅನ್ನುತ್ತಿದ್ದರು, ಸಂಬಂಧ ಅಂದದ್ದು ನಾನು ಕೇಳಿಲ್ಲ. ನಿನಗೆ ಆ ಸಂಬಂಧ ಇದೆಯೇ ಎಂದು ಒಬ್ಬರು ನನ್ನ ಮುಖಕ್ಕೇ ಕೇಳಿದರು. ಇದೆ ಎಂದೆ. ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ಎರಡು-ಮೂರು ವರ್ಷ ನಾನು ಅನುಭವ ಹುಡುಕಿಕೊಂಡು ಅಲೆದೆ. ಉಪವಾಸ ಪ್ರಾರ್ಥನೆ, ಇಡೀ ರಾತ್ರಿಯ ಪ್ರಾರ್ಥನೆ, ಮೈದಾನದಲ್ಲಿ ಪೆಂಡಾಲ್ ಹಾಕಿದ ಕೂಟ. ಅಕ್ಕಪಕ್ಕದವರು ಅಳುತ್ತಿದ್ದರು, ಕೈ ಎತ್ತಿ ನಡುಗುತ್ತಿದ್ದರು, ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡುತ್ತಿದ್ದರು. ಅವರನ್ನು ನಾನು ಹಗುರವಾಗಿ ಆಡುವುದಿಲ್ಲ. ದಿನವಿಡೀ ಬೇರೆಯವರ ಭಾಷೆಯಲ್ಲಿ ತಗ್ಗಿ ಮಾತಾಡಿ ಬದುಕುವವರಿಗೆ ಯಾರದೂ ಅಲ್ಲದ ಒಂದು ಭಾಷೆ ಸಿಕ್ಕರೆ ಅದೆಂಥ ಬಿಡುಗಡೆ ಇರಬಹುದು ಎಂದು ಊಹಿಸಬಲ್ಲೆ. ನನಗೆ ಮಾತ್ರ ಏನೂ ಆಗಲಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಎಲ್ಲರೂ ಕಣ್ಣೀರಿಡುತ್ತಿದ್ದಾಗ ನಾನು ಬೆಳಗಿನ ಆರರ ಬಸ್ಸಿನ ಲೆಕ್ಕ ಹಾಕುತ್ತಿದ್ದೆ. ನಾಚಿಕೆಯಾಯಿತು. ನನ್ನಲ್ಲೇ ಏನೋ ಕೊರತೆ ಇದೆ ಎಂದು ತೀರ್ಮಾನ ಮಾಡಿಕೊಂಡೆ.

ಇಂಥ ಹೊತ್ತಿನಲ್ಲಿ, 2008ರಲ್ಲಿ, ಒಬ್ಬ ಕ್ಯಾಥೊಲಿಕ್ ಸಹೋದ್ಯೋಗಿ ಒಂದು ಪುಸ್ತಕ ಕೊಟ್ಟ. ಹಿಂದಿನ ವರ್ಷವಷ್ಟೇ ಬಂದಿದ್ದ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು, ‘ಕಮ್ ಬೀ ಮೈ ಲೈಟ್’. ನಾವು ಪ್ರೊಟೆಸ್ಟಂಟರು, ಸಂತರ ವಿಷಯಕ್ಕೆ ಅಷ್ಟು ಹೋಗುವವರಲ್ಲ. ಸಂಕೋಚದಿಂದಲೇ ತೆಗೆದುಕೊಂಡೆ. ಓದುತ್ತ ಹೋದಂತೆ ಕೈ ತಣ್ಣಗಾಯಿತು. ಕಲಕತ್ತೆಯ ಬೀದಿಯ ಕೆಲಸ ಶುರು ಮಾಡಿದ ಕಾಲದಿಂದ ಹೆಚ್ಚುಕಡಿಮೆ ಕೊನೆಯವರೆಗೆ, ಐವತ್ತು ವರ್ಷದ ಹತ್ತಿರ ಹತ್ತಿರ, ಆ ಹೆಂಗಸಿಗೆ ಪ್ರಾರ್ಥನೆಯಲ್ಲಿ ದೇವರ ಸುಳಿವೇ ಇರಲಿಲ್ಲ. ಕತ್ತಲೆ, ಖಾಲಿ. ಈ ಪತ್ರಗಳನ್ನು ಸುಟ್ಟುಬಿಡಿ ಎಂದು ಅವರು ಕೇಳಿಕೊಂಡಿದ್ದರು, ಮೇಲಿನವರು ಸುಡಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂಬುದೇ ಒಂದು ಪ್ರಶ್ನೆ. ನಾನು ಅದರ ಲಾಭ ಪಡೆದವನು, ತಪ್ಪು ಎನ್ನಲು ಬಾಯಿಲ್ಲ.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. 1961ರಲ್ಲಿ ಮದರ್ ತೆರೇಸಾ ತಮ್ಮ ಕತ್ತಲೆಯನ್ನು ಬಿಚ್ಚಿ ಬರೆದದ್ದು ಜೋಸೆಫ್ ನ್ಯೂನರ್ ಎಂಬ ಯೇಸುಸಭೆಯ ಪಾದ್ರಿಗೆ. ಆಸ್ಟ್ರಿಯಾದಿಂದ ಬಂದ ಈ ದೇವಶಾಸ್ತ್ರಜ್ಞರು ಪಾಠ ಹೇಳುತ್ತಿದ್ದದ್ದು ಪುಣೆಯಲ್ಲಿ. ನಾನು ಪುಸ್ತಕ ಓದುತ್ತಿದ್ದಾಗ ಅವರಿಗೆ ನೂರು ವರ್ಷ, ಇದೇ ಊರಿನಲ್ಲಿ ಬದುಕಿದ್ದರು. 2009ರ ಡಿಸೆಂಬರಿನಲ್ಲಿ ತೀರಿಕೊಂಡರು. ಹೋಗಿ ನೋಡಬೇಕು ಅಂದುಕೊಂಡೆ, ಹೋಗಲಿಲ್ಲ. ಅವರು ಆ ತಾಯಿಗೆ ಹೇಳಿದ್ದರ ಸಾರ ಇಷ್ಟು: ಈ ಕತ್ತಲೆಗೆ ಮನುಷ್ಯರ ಹತ್ತಿರ ಮದ್ದಿಲ್ಲ, ಆದ್ದರಿಂದ ಇದು ನಿಮ್ಮ ತಪ್ಪಲ್ಲ, ದೇವರು ಇದ್ದಾನೆ ಎನ್ನಲು ಅವನ ಇರವು ಮನಸ್ಸಿಗೆ ತಟ್ಟುವುದೊಂದೇ ಗುರುತಲ್ಲ, ಅವನಿಗಾಗಿ ನೀವು ಹಂಬಲಿಸುತ್ತಿರುವುದೇ ಅವನು ನಿಮ್ಮೊಳಗೆ ಅಡಗಿ ಇದ್ದಾನೆ ಎಂಬುದಕ್ಕೆ ಗುರುತು.

ಎಂಥ ಸಮಾಧಾನ! ಒಂದೆರಡು ತಿಂಗಳು ಅದರ ಮೇಲೆಯೇ ಬದುಕಿದೆ. ಆಮೇಲೆ ಒಂದು ಸಂಶಯ ಹುಟ್ಟಿತು. ಹಂಬಲವೇ ಗುರುತು, ಸರಿ. ಆದರೆ ನನ್ನ ಹಂಬಲ ಯಾತರದ್ದು? ಸಂಜೆ ಹೊತ್ತು ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದು ಬೆಟಗೇರಿಯ ದೇವಾಲಯದ ಹಿಂದಿನ ಬೇವಿನ ಮರ, ಬೆಳೆಹಬ್ಬದ ದಿನ ವೇದಿಕೆಯ ಮುಂದೆ ರಾಶಿ ಹಾಕಿದ ಜೋಳದ ತೆನೆ, ಕುಂಬಳಕಾಯಿ, ಆಮೇಲೆ ಅದರ ಹರಾಜಿನಲ್ಲಿ ಅಪ್ಪ ಸವಾಲು ಕೂಗುತ್ತಿದ್ದದ್ದು. ನಾನು ಹುಡುಕುತ್ತಿರುವುದು ದೇವರನ್ನೋ, ಊರನ್ನೋ? ಊರು ಬಿಟ್ಟವನ ಒಂಟಿತನಕ್ಕೆ ದೇವರು ಎಂದು ಹೆಸರಿಟ್ಟು ಅಳುತ್ತಿದ್ದೇನೆಯೇ? ಊರಲ್ಲೇ ಇರುವ ನಿಮಗೆ ಈ ಗೊಂದಲ ಬರಲಾರದು. ನಿಮ್ಮ ದೇವರು ನಿಮ್ಮ ಓಣಿಯಲ್ಲೇ ಇದ್ದಾನೆ, ಎರಡನ್ನೂ ಬೇರೆ ಮಾಡಿ ನೋಡುವ ಕಷ್ಟ ನಿಮಗಿಲ್ಲ. ನಮಗೆ ಹಾಗಲ್ಲ. ಬಾಬಿಲೋನಿಗೆ ಸೆರೆ ಹೋದ ಯೆಹೂದ್ಯರಿಗೆ ಯೆರೆಮೀಯ ಪ್ರವಾದಿ ಬರೆದ ಕಾಗದ ಸತ್ಯವೇದದಲ್ಲಿದೆ, 29ನೇ ಅಧ್ಯಾಯ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತಾನೆ. ಅದೇ ಕಾಗದದಲ್ಲಿ ಮುಂದೆ, ಮನಸ್ಸಿಟ್ಟು ಹುಡುಕಿದರೆ ದೇವರು ಸಿಗುತ್ತಾನೆ ಎಂಬ ಮಾತೂ ಇದೆ. ದೇವರು ಹಿಂದೆ, ಯೆರೂಸಲೇಮಿನಲ್ಲಿ ಉಳಿದಿದ್ದಾನೆ ಎಂದು ಕುಳಿತವರಿಗೆ ಬರೆದ ಕಾಗದ ಅದು. ನೂರು ಸಲ ಓದಿದ್ದೆ. ನನ್ನ ವಿಳಾಸಕ್ಕೆ ಬಂದದ್ದು ಎಂದು ಅನಿಸಿರಲಿಲ್ಲ.

ಇಲ್ಲಿ ಪಂಡಿತಾ ರಮಾಬಾಯಿಯವರ ಮಾತು ಬರಬೇಕು. ಪುಣೆಯಿಂದ ದೌಂಡ್ ದಾರಿಯಲ್ಲಿ ಸುಮಾರು 60 ಕಿ.ಮೀ. ದೂರದ ಕೇಡಗಾಂವ್ ಅವರ ಊರು, ಅಂದರೆ ಅವರು ಮುಕ್ತಿ ಎಂಬ ಆಶ್ರಮ ಕಟ್ಟಿದ ಊರು. ಸೋಲಾಪುರ, ವಿಜಯಪುರ, ಬಾಗಲಕೋಟೆ ಹಾದು ಗದಗಿಗೆ ಹೋಗುವ ನಮ್ಮ ರೈಲು ಆ ಸ್ಟೇಷನ್ ದಾಟಿಯೇ ಹೋಗಬೇಕು. ಇಪ್ಪತ್ತು ವರ್ಷ ದಾಟಿದ್ದೇನೆ, ಇಳಿದಿರಲಿಲ್ಲ. 2016ರಲ್ಲಿ ಚರ್ಚಿನವರೆಲ್ಲ ಬಸ್ಸು ಮಾಡಿಕೊಂಡು ಹೊರಟಾಗ ಹೋದೆ. ಮರಾಠಿಗರು ರಮಾಬಾಯಿ ತಮ್ಮವರು ಎನ್ನುತ್ತಾರೆ, ಅದು ಸರಿಯೇ. ಆದರೆ ಅವರು ಹುಟ್ಟಿದ್ದು 1858ರಲ್ಲಿ ನಮ್ಮ ಗಂಗಾಮೂಲದ ಕಾಡಿನಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗದಲ್ಲಿ. ಕಾರ್ಕಳ ಕಡೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆ ಅವರ ತಂದೆ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಮಾತು ಕೇಳಿ, ಕಾಡಿನಲ್ಲಿ ಮನೆ ಮಾಡಿದ ಮನುಷ್ಯ. ಆಮೇಲೆ ತೀರ್ಥಯಾತ್ರೆ, ಪುರಾಣ ಹೇಳಿ ಹೊಟ್ಟೆ ಹೊರೆಯುವುದು, ಬರಗಾಲ. ಅಪ್ಪ, ಅವ್ವ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು. ಉಳಿದ ಅಣ್ಣ-ತಂಗಿ ನಡೆಯುತ್ತ ನಡೆಯುತ್ತ 1878ರಲ್ಲಿ ಕಲಕತ್ತೆ ಮುಟ್ಟಿದರು. ಅಲ್ಲಿನ ವಿದ್ವಾಂಸರು ಆಕೆಗೆ ಪಂಡಿತಾ ಎಂದು ಬಿರುದು ಕೊಟ್ಟರು. ಎರಡು ವರ್ಷಕ್ಕೆ ಅಣ್ಣ ಹೋದ, ಮತ್ತೆರಡು ವರ್ಷಕ್ಕೆ ಗಂಡ. ಪರಸ್ಥಳ ಎಂಬ ಮಾತಿನ ಅರ್ಥ ಆಕೆಗಿಂತ ಚೆನ್ನಾಗಿ ಬಲ್ಲವರು ಯಾರು?

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ ಮೇಲೂ ಆಕೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮಗಳಾಗಲಿಲ್ಲ. ಎದೆಯ ಮೇಲಿನ ಶಿಲುಬೆಯಲ್ಲಿ ಲ್ಯಾಟಿನ್ ಅಕ್ಷರ ಯಾಕೆ, ನಮ್ಮ ಸಂಸ್ಕೃತಕ್ಕೆ ಏನಾಗಿದೆ ಎಂದು ಅಲ್ಲಿನ ಸಿಸ್ಟರುಗಳ ಜೊತೆ ವಾದ ಹೂಡಿದರು. ನನಗೆ ಈ ಜಗಳ ಬಹಳ ಇಷ್ಟ. ಆದರೆ ಅದಕ್ಕಿಂತ ಮುಖ್ಯವಾದದ್ದು ಅವರು 1907ರಲ್ಲಿ ಬರೆದ ಸಾಕ್ಷಿಯಲ್ಲಿದೆ. ದೀಕ್ಷಾಸ್ನಾನವಾಗಿ ಎಂಟು ವರ್ಷದ ಮೇಲೆ ಆಕೆಗೆ ಅನಿಸಿತಂತೆ, ತನಗೆ ಸಿಕ್ಕಿರುವುದು ಕ್ರೈಸ್ತ ಧರ್ಮ, ಕ್ರಿಸ್ತ ಇನ್ನೂ ಸಿಕ್ಕಿಲ್ಲ ಎಂದು. ಧರ್ಮ ಬದಲಿಸಿದ್ದಕ್ಕೆ ಇಡೀ ಪುಣೆಯಿಂದ ಬೈಸಿಕೊಂಡವರು, ವಿಧವೆಯರಿಗಾಗಿ ಶಾಲೆ ನಡೆಸುತ್ತಿದ್ದವರು, ಅಷ್ಟೆಲ್ಲ ಕಳೆದುಕೊಂಡವರು, ಇನ್ನೂ ಸಿಕ್ಕಿಲ್ಲ ಎಂದು ಒಪ್ಪಿಕೊಳ್ಳುವುದೆಂದರೆ! ಹುಟ್ಟಿನಿಂದ ಬಂದ ನಾನು ಒಬ್ಬರು ಕೇಳಿದಾಗ ‘ಇದೆ’ ಎಂದು ಸುಳ್ಳು ಹೇಳಿದ್ದೆ.

ಕೇಡಗಾಂವಿನಲ್ಲಿ ನಾನು ನಿರೀಕ್ಷಿಸಿದ್ದು ಏನೋ ಒಂದು ಪವಿತ್ರ ಮೌನ. ಇದ್ದದ್ದು ಒಣಗಲು ಹಾಕಿದ ಬಟ್ಟೆ, ಪಾತ್ರೆ ಸದ್ದು, ಮಕ್ಕಳ ಗಲಾಟೆ. ಆಶ್ರಯವಿಲ್ಲದ ಹೆಣ್ಣುಮಕ್ಕಳು ಇವತ್ತಿಗೂ ಅಲ್ಲಿದ್ದಾರೆ. 1896-97ರ ಬರದಲ್ಲಿ ಮಧ್ಯಪ್ರಾಂತದಿಂದ ಹಸಿದ ಹುಡುಗಿಯರನ್ನು ಕರೆತಂದು ಶುರುವಾದ ಜಾಗ. 1905ರಲ್ಲಿ ಅಲ್ಲಿ ಹುಡುಗಿಯರೆಲ್ಲ ಅತ್ತು, ಪಾಪ ಹೇಳಿಕೊಂಡು ಪ್ರಾರ್ಥಿಸಿದ ದೊಡ್ಡ ಉಜ್ಜೀವನವಾಯಿತು. ಅದರ ಬಗ್ಗೆ ನಮ್ಮ ಕೂಟಗಳಲ್ಲಿ ಬಹಳ ಕೇಳಿದ್ದೆ. ಕೇಳದೇ ಇದ್ದದ್ದು ಎಂದರೆ ಅದರ ಮುಂದಿನ ಕಥೆ. ಬೆಂಕಿ ಬಂತು, ಹೋಯಿತು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿ ಹೆಂಗಸರಿಗೆ ತಿಳಿಯುವ ಸಾದಾ ಮರಾಠಿಯಲ್ಲಿ ಸತ್ಯವೇದ ಅನುವಾದಿಸುತ್ತ ಕುಳಿತರು. ಅಲ್ಲಿನ ಹೆಂಗಸರೇ ಮೊಳೆ ಜೋಡಿಸಿ ಅಚ್ಚು ಹಾಕಿದರು. 1921ರಲ್ಲಿ ಮಗಳು ಮನೋರಮಾ ಸತ್ತಳು. ಮರುವರ್ಷ ಏಪ್ರಿಲಿನಲ್ಲಿ, ಅನುವಾದದ ಕೆಲಸ ಮುಗಿಸಿ, ಅವರೂ ಹೋದರು. ದೇವರ ಹತ್ತಿರ ಹೋಗಬೇಕು ಎಂದು ಆಕೆ ಬೇರೆ ಎಲ್ಲಿಗೂ ಹೋದಂತೆ ಕಾಣಲಿಲ್ಲ. ಅಡಿಗೆ, ಅಚ್ಚಿನ ಕರಡು, ಹುಡುಗಿಯರ ಜ್ವರ.

ಅಲ್ಲಿಂದ ಬಂದ ಮೇಲೆ ನಮ್ಮ ಚರ್ಚಿನ ಬುಧವಾರದ ಸತ್ಯವೇದ ಪಾಠಕ್ಕೆ ಸೇರಿದೆ. ಎಂಟು-ಹತ್ತು ಜನ, ಹೆಚ್ಚಿನವರು ಮುದುಕಿಯರು. ಎಲ್ಲರೂ ‘ಆಜಿ’ ಎನ್ನುತ್ತಿದ್ದ ಒಬ್ಬ ನಿವೃತ್ತ ನರ್ಸ್ ಪಾಠ ನಡೆಸುತ್ತಿದ್ದರು. ಮತ್ತಾಯನ ಸುವಾರ್ತೆ, ಐದನೇ ಅಧ್ಯಾಯ. ನನ್ನ ಸರದಿ ಬಂದಾಗ ಮರಾಠಿಯಲ್ಲಿ ಬೆರಳಿಟ್ಟು ಓದಿದೆ. ಕಾಣಿಕೆ ತಂದವನು ಯಜ್ಞವೇದಿಯ ಮುಂದೆ ಕಾಣಿಕೆ ಬಿಟ್ಟು, ಮೊದಲು ಸಹೋದರನ ಜೊತೆ ರಾಜಿಯಾಗಿ ಬರಬೇಕು ಎಂಬ ಭಾಗ. ಕನ್ನಡದಲ್ಲಿ ಅದು ನನಗೆ ಬಾಯಿಪಾಠ, ಸಂಡೇ ಸ್ಕೂಲಿನಲ್ಲಿ ಬಹುಮಾನ ತೆಗೆದುಕೊಂಡದ್ದು. ಬಾಯಿಪಾಠವಾದದ್ದನ್ನು ಯಾರು ಓದುತ್ತಾರೆ? ಮರಾಠಿಯಲ್ಲಿ ತಡವರಿಸುತ್ತ ಓದಿದಾಗ ಮೊದಲ ಸಲ ಕಣ್ಣಿಗೆ ಬಿತ್ತು. ಅಲ್ಲಿ ಹೇಳಿರುವುದು ನಿನಗೆ ನಿನ್ನ ಸಹೋದರನ ಮೇಲೆ ಸಿಟ್ಟಿದ್ದರೆ ಎಂದಲ್ಲ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದು. ನಾನು ನಡುವೆಯೇ ನಿಲ್ಲಿಸಿದೆ. ಶಬ್ದ ಓದಲು ಬರಲಿಲ್ಲ ಎಂದುಕೊಂಡು ಪಕ್ಕದವರು ಹೇಳಿಕೊಟ್ಟರು.

ಅವ್ವ 2011ರಲ್ಲಿ ಹೋದಳು. ಕೊನೆಯ ಮೂರು ವರ್ಷ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಳು. ಮರುವರ್ಷ ಬೆಟಗೇರಿ ಮನೆಯ ವಾಟ್ನಿ ವಿಷಯಕ್ಕೆ ಅಣ್ಣನಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಮನೆ ದೊಡ್ಡದೇನೂ ಅಲ್ಲ. ಮುಂದಿನ ಪಡಸಾಲೆಯನ್ನು ಅಣ್ಣ ಅಂಗಡಿಗೆ ಬಾಡಿಗೆ ಕೊಟ್ಟಿದ್ದ, ನನ್ನನ್ನು ಕೇಳಿರಲಿಲ್ಲ. ಇಷ್ಟು ವರ್ಷ ರೊಕ್ಕ ಕಳಿಸಿದ್ದೇನೆ, ನನಗೂ ಹಕ್ಕಿದೆ ಎಂದೆ. ಅಣ್ಣ ಅಂದ, ‘ರೊಕ್ಕಾ ಕಳಿಸೋದು ಪೋಸ್ಟಿನಾಂವನೂ ಮಾಡ್ತಾನ. ಅವ್ವನ ಹಾಸಗಿ ಬದ್ಲಿ ಮಾಡ್ದಾಂವ ನಾನು.’ ಅಲ್ಲಿಗೆ ನಿಲ್ಲಬಹುದಿತ್ತು. ನಾನು ಅಂದೆ, ‘ಅವ್ವನ ಪಿಂಚಣಿ ತಿಂದಾಂವನೂ ನೀನ.’ ಒಳಗೆ ವೈನಿಯವರ ಕೈಯಿಂದ ಪಾತ್ರೆ ಬಿದ್ದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಅವತ್ತೇ ರೈಲು ಹತ್ತಿದೆ. ಆಮೇಲೆ ಮಾತಿಲ್ಲ.

ವಿಚಿತ್ರ ನೋಡಿ, ಆ ವರ್ಷಗಳಲ್ಲೂ ನಾನು ದೇವರ ಜೊತೆ ಸಂಬಂಧ ಗಟ್ಟಿಯಾಗಬೇಕು ಎಂದು ಪ್ರಾರ್ಥಿಸುತ್ತಿದ್ದೆ. ಅಣ್ಣನ ಸುದ್ದಿ ಆ ಪ್ರಾರ್ಥನೆಯಲ್ಲಿ ಬರುತ್ತಿರಲಿಲ್ಲ. ಬಂದರೂ ‘ಅವನ ಮನಸ್ಸನ್ನು ಬದಲಿಸು ಕರ್ತನೇ’ ಎಂದು ಬರುತ್ತಿತ್ತು. ಆರುನೂರು ಕಿಲೋಮೀಟರ್ ದೂರ ಇದ್ದವನಿಗೆ ಇದು ಸುಲಭ. ಒಂದೇ ಓಣಿಯಲ್ಲಿದ್ದರೆ ನೀರಿನ ನಳದ ಹತ್ತಿರ, ಚರ್ಚಿನ ಬಾಗಿಲಲ್ಲಿ ಮುಖಾಮುಖಿ ಆಗಲೇಬೇಕು. ಮುಖ ತಿರುಗಿಸಿದ್ದನ್ನು ಹತ್ತು ಜನ ನೋಡುತ್ತಾರೆ, ಸಭಾಪಾಲಕರು ಕರೆದು ಬುದ್ಧಿ ಹೇಳುತ್ತಾರೆ. ಪರಸ್ಥಳದಲ್ಲಿ ನನ್ನ ಬೆನ್ನಿಗಿರುವುದು ಯಾರಿಗೂ ಕಾಣುವುದಿಲ್ಲ. ಪುಣೆಯ ಚರ್ಚಿನಲ್ಲಿ ನಾನು ಒಳ್ಳೆಯ ಮನುಷ್ಯ, ಕಾಣಿಕೆಯ ಲೆಕ್ಕ ಬರೆಯುವವನು.

ಸಂಬಂಧ ಎಂಬ ಶಬ್ದದ ಬಗ್ಗೆ ಆಗ ಮತ್ತೆ ಯೋಚಿಸಿದೆ. ನಮ್ಮ ಕಡೆ ಸಂಬಂಧ ಎಂದರೆ ಹೆಣ್ಣು ತರುವ, ಕೊಡುವ ಮಾತು. ಅದನ್ನು ಒಬ್ಬರ ಜೊತೆ ಮಾಡಲಿಕ್ಕೆ ಬರುವುದಿಲ್ಲ, ಮನೆತನದ ಜೊತೆ ಮಾಡಬೇಕು. ಅಳಿಯನಾದವನು ನನಗೆ ನಿಮ್ಮ ಮಗಳು ಬೇಕು, ನಿಮ್ಮ ಮನೆಯವರ ಮುಖ ಬೇಡ ಎಂದರೆ ನಡೆಯುತ್ತದೆಯೇ? ವೈಯಕ್ತಿಕ ಎಂಬ ವಿಶೇಷಣ ಯಾರು ಸೇರಿಸಿದರೋ, ಸೇರಿಸಿದ ಮೇಲೆ ನಮ್ಮಂಥವರಿಗೆ ಅನುಕೂಲವೇ ಆಯಿತು. ದೇವರು ಮತ್ತು ನಾನು, ನಡುವೆ ಯಾರೂ ಬೇಡ. ಯೋಹಾನನ ಪತ್ರ ಇದನ್ನು ಮುಲಾಜಿಲ್ಲದೆ ಸುಳ್ಳು ಎನ್ನುತ್ತದೆ, ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸುತ್ತೇನೆ ಎಂದರೆ ಹೇಗೆ ಎಂದು ಕೇಳುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಊರಿಗೆ ಹೊರಡಲು ಮತ್ತೆ ಎರಡು ವರ್ಷ ಹಿಡಿಯಿತು. 2019ರ ಜನವರಿಯಲ್ಲಿ ಹೊರಟೆ. ಹೆಂಡತಿ ಬರುತ್ತೇನೆ ಎಂದಳು, ಬೇಡ ಎಂದೆ. ನಡುರಾತ್ರಿ ಪುಣೆ ಬಿಟ್ಟ ರೈಲು ಕೇಡಗಾಂವ್ ದಾಟುವಾಗ ಎಚ್ಚರ ಇದ್ದೆ. ನಾಲ್ಕು ದೀಪ ಕಂಡವು, ಹೋದವು. ಆಗ ಹೊಸದೊಂದು ಸಂಶಯ ಬಂದು ಕುಳಿತಿತು. ನಾನು ಅಣ್ಣನ ಹತ್ತಿರ ಹೋಗುತ್ತಿರುವುದು ಯಾರಿಗಾಗಿ? ಅವನಿಗೆ ನೋವಾಗಿದೆ ಎಂದೋ, ನನ್ನ ಪ್ರಾರ್ಥನೆ ನೆಟ್ಟಗಾಗಲಿ ಎಂದೋ? ಎರಡನೆಯದಾದರೆ ಅಣ್ಣನೂ ನನಗೊಂದು ಏಣಿ. ಮೊದಲು ರೊಕ್ಕ ಕಳಿಸಿ ಮಗನಾದೆ, ಈಗ ಕ್ಷಮೆ ಕೇಳಿ ಭಕ್ತನಾಗುತ್ತೇನೆ. ಅವನು ಮಾತ್ರ ಇದ್ದಲ್ಲೇ ಇರುತ್ತಾನೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದಿರುಗಿಬಿಡೋಣ ಎನಿಸಿತು. ಸುಳ್ಳಲ್ಲ, ದೌಂಡಿನಲ್ಲಿ ಗಾಡಿ ನಿಂತಾಗ ಬಾಗಿಲ ತನಕ ಹೋಗಿದ್ದೆ. ಮನಸ್ಸು ಪೂರ್ತಿ ಶುದ್ಧವಾದ ಮೇಲೆ ಹೋಗುತ್ತೇನೆ ಎಂದರೆ ಸಾಯುವವರೆಗೂ ಹೋಗಲಾರೆ ಎಂದು ಕಂಡಿತು. ಆ ಮಾತಿನಲ್ಲಿ ಮೊದಲು ಹೋಗು ಎಂದಿದೆ, ಯಾವ ಮನಸ್ಸಿನಿಂದ ಹೋಗು ಎಂದು ಬರೆದಿಲ್ಲ. ವಾಪಸು ಬಂದು ಮಲಗಿದೆ.

ಆ ಪ್ರಯಾಣದಿಂದ ನನ್ನ ಪ್ರಾರ್ಥನೆಗೆ ಬೆಳಕು ಬಂತೇ ಎಂದರೆ, ಇಲ್ಲ. ಇವತ್ತಿಗೂ ಹೆಚ್ಚಿನ ದಿನ ಒಣಒಣ. ಮನೆಯ ಕಾಗದದ ವಿಷಯವೂ ಬಗೆಹರಿದಿಲ್ಲ, ಪಡಸಾಲೆಯ ಬಾಡಿಗೆ ಅಣ್ಣನೇ ತೆಗೆದುಕೊಳ್ಳುತ್ತಾನೆ, ನಾನು ಕೇಳುವುದಿಲ್ಲ, ಕೆಲವು ಸಲ ಕೇಳಬೇಕು ಅನಿಸುತ್ತದೆ. ಬದಲಾದದ್ದು ಎಂದರೆ ಕಣ್ಣು ಮುಚ್ಚಿದಾಗ ಈಗ ಬೇವಿನ ಮರ ಬರುವುದಿಲ್ಲ, ಜನ ಬರುತ್ತಾರೆ. ಅಣ್ಣ, ವೈನಿ, ಬುಧವಾರದ ಆಜಿ, ಒಮ್ಮೊಮ್ಮೆ ಕಾರ್ಖಾನೆಯಲ್ಲಿ ನಾನು ರಿಪೋರ್ಟ್ ಬರೆದು ಕೆಲಸ ಕಳೆದುಕೊಂಡ ಒಬ್ಬ ಹುಡುಗ. ಇದನ್ನು ದೇವರ ಸಾಮೀಪ್ಯ ಎನ್ನಬೇಕೋ, ವಯಸ್ಸಾದ ಲಕ್ಷಣ ಎನ್ನಬೇಕೋ, ನಿಮ್ಮ ಮೇಲೆ ಬಿಟ್ಟದ್ದು.

ಅವತ್ತು ಮನೆ ಮುಟ್ಟಿದಾಗ ಊಟದ ಹೊತ್ತಾಗಿತ್ತು. ಅಣ್ಣ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಪೇಪರ್ ಮಡಚಿದ. ರೈಲಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ‘ತಪ್ಪಾತು ಅಣ್ಣಾ, ಅವತ್ತ ಹಂಗ ಅನಬಾರ್ದಿತ್ತು’ ಅಂದೆ. ಅವನು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ‘ಏಳು ವರ್ಷಾ ಬೇಕಾತೇನು?’ ಎಂದ. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ‘ಕೈಕಾಲ ತೊಳಕೋ’ ಎಂದು ಒಳಗೆ ಹೋದ.

ವೈನಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಅಪ್ಪ ಹೋದ ಮೇಲೆ ಊಟದ ಪ್ರಾರ್ಥನೆ ಮಾಡುವವನು ಅಣ್ಣ. ಅವನು ತಲೆ ತಗ್ಗಿಸಿ, ‘ಇವತ್ತ ನೀನ ಮಾಡು’ ಎಂದ. ಕಣ್ಣು ಮುಚ್ಚಿದೆ. ಓ ಕರ್ತನೇ ಎಂದು ಅಪ್ಪನ ಧಾಟಿಯಲ್ಲಿ ಶುರು ಮಾಡಿದೆ, ಮುಂದೆ ಹೊರಡಲಿಲ್ಲ. ಗಂಟಲು ಕಟ್ಟಿತ್ತು. ಎರಡನೆಯ ಸಲ ಬಾಯಿ ತೆರೆದರೆ ಹೊರಗೆ ಬಂದದ್ದು ಮರಾಠಿ. ವೈನಿ ತಡೆಯಲಾರದೆ ನಕ್ಕುಬಿಟ್ಟರು. ಅಣ್ಣ ಕಣ್ಣು ಮುಚ್ಚಿಕೊಂಡೇ ಅಂದ, ‘ಯಾವ ಭಾಷಾದಾಗಾರ ಮಾಡು, ಲಗೂ ಮುಗಸು. ರೊಟ್ಟಿ ಆರಾಕ್ಹತ್ಯಾವು.’